ಎಡಗಾಲು ನೋಡದ ಪಾಠಕ್ಕೆ ಮುದ್ರೆ ಒತ್ತಿದವರಿಗೆ

ತರಬೇತಿ ಮಾನ್ಯತಾ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ನೀವು ಮುದ್ರೆ ಒತ್ತಿದ ತರಬೇತಿಯನ್ನು ನಂಬಿ, ಅಲ್ಲಿ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿ, ನಾನು ನನ್ನ ಸ್ವಂತ ತಂಗಿಯ ಮಂಡಿಯನ್ನು ಹಾಳು ಮಾಡಿದ್ದೇನೆ. ಕ್ಷೇಮಸಮಾಚಾರ ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಇದನ್ನೇ ಮೊದಲು ಹೇಳಿಬಿಟ್ಟೆ. ಮೊನ್ನೆ ನಿಮ್ಮ ಕೊಠಡಿಯಲ್ಲಿ, ಆ ಅಗಲವಾದ ಮೇಜಿನ ಆಚೆ ಕೂತು ನೀವು ಹೇಳಿದ ಮಾತಿಗೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಬಸ್ಸು ಹತ್ತಿ ಮನೆಗೆ ಬರುವಷ್ಟರಲ್ಲಿ ಹೊರಟಿತು. ಅದನ್ನು ನಿಮ್ಮೊಬ್ಬರ ಕಿವಿಗೆ ಹಾಕಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾಗಿರುವುದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನದು ಸೈಕಲ್ ಅಂಗಡಿ. ಅಪ್ಪ ನಡೆಸುತ್ತಿದ್ದದ್ದು, ಈಗ ನಾನು ನಡೆಸುತ್ತೇನೆ. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ವಕ್ರವಾದ ಚಕ್ರವನ್ನು ಕಡ್ಡಿ ಎಳೆದು ನೆಟ್ಟಗೆ ಮಾಡುವುದು ನನಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಆದರೆ ಗಿರಾಕಿಗಳು ಬಂದು, ಸೈಕಲ್ ಚೆನ್ನಾಗಿದೆ, ಓಡಿಸಿದರೆ ಕತ್ತು ನೋಯುತ್ತದೆ, ಅಂಗೈ ಜುಮ್ಮೆನ್ನುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ ಎಂದರೆ ನಾನು ಕೈಚೆಲ್ಲುತ್ತಿದ್ದೆ. ಓಡಿಸಿ, ಒಗ್ಗಿಕೊಳ್ಳುತ್ತದೆ ಎಂದು ಸಾಗಹಾಕುತ್ತಿದ್ದೆ. ಸೈಕಲನ್ನು ಓಡಿಸುವವರ ಮೈಗೆ ಹೊಂದಿಸಿ ಕೊಡುವುದೇ ಒಂದು ಪ್ರತ್ಯೇಕ ವಿದ್ಯೆ. ಸೀಟು ಎಷ್ಟು ಎತ್ತರ ಇರಬೇಕು, ಹ್ಯಾಂಡಲ್ ಎಷ್ಟು ದೂರ, ಪಾದ ಪೆಡಲಿನ ಮೇಲೆ ಎಲ್ಲಿ ಕೂರಬೇಕು ಎಂಬುದನ್ನು ಆಯಾ ಮೈ ನೋಡಿ ತೀರ್ಮಾನಿಸುವವರನ್ನು ಬೈಕ್ ಫಿಟ್ಟರ್ ಅನ್ನುತ್ತಾರೆ. ದರ್ಜಿ ಬಟ್ಟೆಗೆ ಮಾಡುವುದನ್ನು ಇವರು ಸೈಕಲಿಗೆ ಮಾಡುತ್ತಾರೆ. ಅದನ್ನು ಕಲಿಯಬೇಕು, ಪ್ರಮಾಣಪತ್ರ ಪಡೆದೇ ಕಲಿಯಬೇಕು ಎಂಬ ಹುಚ್ಚು ನಲವತ್ತು ದಾಟಿದ ಮೇಲೆ ನನಗೆ ಹತ್ತಿತು.

ಎಲ್ಲಿ ಕಲಿಯುವುದು? ಎರಡು ದಾರಿ ಇದ್ದವು. ಒಂದು, ಮಾರುಕಟ್ಟೆ ಬೀದಿಯಲ್ಲಿ, ಟಿ.ವಿ. ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಂಸ್ಥೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕ್ಯಾಮೆರಾ, ಕಂಪ್ಯೂಟರು, ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವಂತೆ ನಿಮ್ಮ ಮಂಡಳಿಯ ದುಂಡು ಮುದ್ರೆ. ಇನ್ನೊಂದು, ನಿವೃತ್ತರಾದ ಫಿಸಿಯೋಥೆರಪಿ ವೈದ್ಯೆಯೊಬ್ಬರು ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನಡೆಸುತ್ತಿದ್ದ ತರಗತಿ. ಅದಕ್ಕೆ ಮುದ್ರೆ ಇರಲಿಲ್ಲ. ಇಡೀ ಒಂದು ವರ್ಷದ ಪಾಠ. ಮೊದಲ ಕೆಲವು ತಿಂಗಳು ಸ್ಪ್ಯಾನರ್ ಮುಟ್ಟುವ ಹಾಗಿಲ್ಲ, ಬಸ್ ನಿಲ್ದಾಣದಲ್ಲಿ ಕೂತು ಜನ ನಡೆಯುವುದನ್ನು ನೋಡಬೇಕು ಎಂದರು. ನನಗೆ ಒಳಗೊಳಗೇ ನಗು ಬಂತು. ಅಂಗಡಿ ಬಿಟ್ಟು ಬಸ್ ನಿಲ್ದಾಣದಲ್ಲಿ ಕೂರುವುದಕ್ಕೆ ನಾನೇನು ಮಗಳ ಮದುವೆಗೆ ಗಂಡು ಹುಡುಕುತ್ತಿದ್ದೇನೆಯೇ ಅನ್ನಿಸಿತು. ಆದರೂ ಆಕೆ ಮಾತಾಡುವ ರೀತಿಯಲ್ಲಿ ಏನೋ ಇತ್ತು. ಹಾಗಾಗಿ ಎರಡು ಮನಸ್ಸಿನಲ್ಲಿ ನಿಮ್ಮ ಕಚೇರಿಯ ಸಹಾಯ ಕೇಂದ್ರಕ್ಕೇ ಬಂದೆ.

ಕೌಂಟರಿನಲ್ಲಿದ್ದವರು ಸಂಭಾವಿತರು. ಕೂರಲು ಹೇಳಿದರು, ನನ್ನ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಕಾರ್ ಶೆಡ್ಡು ಎಂದ ಕೂಡಲೇ ಮೂಗು ಮುರಿದರು.

“ಸೀಲ್ ಇರೋ ಕಡೆನೇ ಸೇರ್ಕೊಳ್ಳಿ ಮೇಡಂ. ನಾವು ಹೋಗಿ ಕಣ್ಣಾರೆ ನೋಡ್ದೆ ಯಾರಿಗೂ ಸೀಲ್ ಕೊಡಲ್ಲ.”

ಅಧ್ಯಕ್ಷರೇ, ನಾನು ಸೇರಿಕೊಂಡದ್ದು ಈ ಮಾತಿನ ಮೇಲೆ. ಸಂಸ್ಥೆಯ ಜಾಹೀರಾತಿನ ಮೇಲಲ್ಲ, ಗಾಜಿನ ಬಾಗಿಲಿನ ಮೇಲಲ್ಲ. ಅಂಗಡಿಯವಳಾದ ನನಗೆ ಜಾಹೀರಾತು ಅಂದರೆ ಏನೆಂದು ಗೊತ್ತು. ಆದರೆ ಒಂದು ಮಂಡಳಿ, ಅದಕ್ಕೊಂದು ಕಟ್ಟಡ, ಅದರೊಳಗೆ ಓದಿದವರು, ಅವರು ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ ಎಂದರೆ ಅನುಮಾನ ಪಡುವ ಬುದ್ಧಿ ನನಗೆ ಬರಲಿಲ್ಲ.

ನೀವು ಕಣ್ಣಾರೆ ನೋಡಿದ ಆ ಕೊಠಡಿಯನ್ನು ಈಗ ನಾನು ವರ್ಣಿಸುತ್ತೇನೆ, ಬೇಸರ ಪಡಬಾರದು. ಅದು ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಸೈಕಲ್ ನಿಲ್ಲಿಸುವ ಸ್ಟ್ಯಾಂಡನ್ನು ಎಡಗಡೆಯ ಗೋಡೆಗೆ ತಾಗಿಸಿ ನೆಲಕ್ಕೆ ಬೋಲ್ಟ್ ಹಾಕಿದ್ದರು. ಹ್ಯಾಂಡಲಿಗೂ ಗೋಡೆಗೂ ನಡುವೆ ಒಂದು ಅಂಗೈ ತೂರಿದರೆ ಹೆಚ್ಚು. ಕ್ಯಾಮೆರಾ ಬಲಗಡೆ. ಬಿಳಿ ಹಲಗೆ ಬಲಗಡೆ. ಕಲಿಯುವ ನಾವೂ ಬಲಗಡೆ ಸಾಲಾಗಿ ಕುರ್ಚಿ ಹಾಕಿಕೊಂಡು ಕೂತೆವು. ಒಬ್ಬರು ಸೈಕಲ್ ಏರಿ ತುಳಿಯುವುದು, ಅವರ ಬಲ ಸೊಂಟ, ಬಲ ಮಂಡಿ, ಬಲ ಹಿಮ್ಮಡಿಗೆ ಹೊಳೆಯುವ ಚುಕ್ಕಿ ಅಂಟಿಸುವುದು, ಮಂಡಿ ಎಷ್ಟು ಮಡಚಿತು ಎಂದು ಕಂಪ್ಯೂಟರ್ ಹೇಳುವುದು, ಅದು ಹೇಳಿದಂತೆ ಸೀಟು ಏರಿಸಿ ಇಳಿಸುವುದು. ಇಷ್ಟೇ ಪಾಠ. ತರಬೇತಿ ಮುಗಿಯುವವರೆಗೂ ನಾವು ಯಾರೊಬ್ಬರ ಎಡಗಾಲನ್ನೂ ನೋಡಲಿಲ್ಲ. ನೋಡಬೇಕೆಂದರೆ ಗೋಡೆ ಒಡೆಯಬೇಕಿತ್ತು.

ನಮ್ಮ ಜೊತೆ ಕಲಿಯುತ್ತಿದ್ದ ಶಾಲೆಯ ಆಟದ ಮೇಷ್ಟ್ರೊಬ್ಬರು ಒಂದು ದಿನ ಕೇಳಿಯೇ ಬಿಟ್ಟರು, ಎಡಗಡೆಯ ಕಥೆ ಏನು ಅಂತ. ತರಬೇತುದಾರ ಚೂಟಿ ಯುವಕ. ಮೂರು ಮತ್ತೊಂದು ಜನರಿದ್ದ ಕೊಠಡಿಯಲ್ಲೂ ಕಿವಿಗೆ ಮೈಕು ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದ.

“ದೇವ್ರು ಎರಡು ಕಾಲನ್ನೂ ಒಂದೇ ಅಳತೆಗೆ ಮಾಡಿದಾನೆ ಸರ್. ಅವನ ಲೆಕ್ಕದ ಮೇಲೆ ನಮಗ್ಯಾಕೆ ಅನುಮಾನ?”

ಎಲ್ಲರೂ ನಕ್ಕೆವು. ಮೇಷ್ಟ್ರೂ ಪೆಚ್ಚಾಗಿ ನಕ್ಕರು. ನಾನಂತೂ ಗೋಡೆಯ ಮೇಲಿದ್ದ ನಿಮ್ಮ ಮುದ್ರೆಯನ್ನು ನೋಡಿ ಸುಮ್ಮನಾದೆ.

ಅಷ್ಟಕ್ಕೂ ಮುದ್ರೆಯ ನವೀಕರಣಕ್ಕೆಂದು ನಿಮ್ಮ ಪರಿವೀಕ್ಷಕರು ನಾವಿರುವಾಗಲೇ ಬಂದಿದ್ದರು. ಸುಳ್ಳು ಹೇಳಬಾರದು, ಬಹಳ ಶ್ರದ್ಧೆಯಿಂದ ನೋಡಿದರು. ಬಾಗಿಲಿಗೆ ಟೇಪು ಹಿಡಿದರು. ಬೆಂಕಿ ಆರಿಸುವ ಸಿಲಿಂಡರನ್ನು ಅಲ್ಲಾಡಿಸಿ ತೂಕ ನೋಡಿದರು. ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ಧೂಳಿಲ್ಲವೆಂದು ಮೆಚ್ಚಿದರು. ಶೌಚಾಲಯದ ನಲ್ಲಿ ತಿರುಗಿಸಿದರು. ಸೈಕಲ್ ಸ್ಟ್ಯಾಂಡನ್ನೂ ಒಂದು ಸುತ್ತು ಹಾಕಿ ನೋಡೋಣವೆಂದು ಹೊರಟರು. ಗೋಡೆ ಅಡ್ಡ ಬಂತು. ಎಡಗಡೆಗೆ ಹೋಗಲು ಜಾಗವಿಲ್ಲವೆಂದು ಹಾಗೇ ಹಿಂದಕ್ಕೆ ತಿರುಗಿ, ನಮ್ಮ ಕಡೆ ನೋಡಿ ಮುಗುಳ್ನಕ್ಕು ಹೋದರು. ಅವರು ಹೋದ ಮೇಲೆ ತರಬೇತುದಾರ ಎಲ್ಲರಿಗೂ ಟೀ ತರಿಸಿದ.

ಇನ್ನು ನನ್ನ ತಂಗಿಯ ವಿಷಯ. ದಂತವೈದ್ಯರ ಕ್ಲಿನಿಕ್ಕುಗಳಿಂದ ಹಲ್ಲಿನ ಅಚ್ಚುಗಳನ್ನು ಲ್ಯಾಬಿಗೆ ಒಯ್ಯುವುದು, ಲ್ಯಾಬಿನಲ್ಲಿ ತಯಾರಾದ ಹಲ್ಲುಗಳನ್ನು ಮತ್ತೆ ಕ್ಲಿನಿಕ್ಕುಗಳಿಗೆ ಮುಟ್ಟಿಸುವುದು ಅವಳ ಕೆಲಸ. ಎಲ್ಲ ಸೈಕಲ್ ಮೇಲೆಯೇ. ಊರಿನ ಮುದುಕರು ಅಗಿಯುವುದು ನನ್ನ ಕಾಲಿನ ದಯೆಯಿಂದ ಎಂದು ಜಂಬ ಕೊಚ್ಚುತ್ತಿದ್ದಳು. ಅವಳಿಗೆ ಒಂದು ಕಡೆ ಕೂತು ಮಾಡುವ ಕೆಲಸ ಆಗಿಬರುವುದಿಲ್ಲ. ಚಿಕ್ಕವಳಿದ್ದಾಗಲೂ ಊಟಕ್ಕೆ ಕೂರಿಸಲು ಅಮ್ಮ ಅವಳ ಹಿಂದೆ ಓಡಬೇಕಿತ್ತು. ಆ ಸೈಕಲ್ಲೇ ಅವಳ ಹೊಟ್ಟೆಪಾಡು, ಅದೇ ಅವಳ ಖುಷಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾನು ಮೊದಲು ಫಿಟ್ ಮಾಡಿದ್ದು ಅವಳ ಸೈಕಲನ್ನು. ಅವಳ ಹಳೆಯ ಸೀಟು ತಗ್ಗಿನಲ್ಲಿತ್ತು, ಅದರ ಮೂತಿ ಒಂದು ಕಡೆಗೆ ಸ್ವಲ್ಪ ತಿರುಗಿತ್ತು. ಸೊಟ್ಟ ಸೀಟಿನ ಮೇಲೆ ಇಷ್ಟು ವರ್ಷ ಹೇಗೆ ಕೂತೆ ಮಾರಾಯ್ತಿ ಎಂದು ಗೇಲಿ ಮಾಡಿ ನೆಟ್ಟಗೆ ಮಾಡಿದೆ. ಕಲಿತ ಹಾಗೆ ಬಲಗಾಲಿಗೆ ಚುಕ್ಕಿ ಅಂಟಿಸಿ, ಬಲಮಂಡಿಯ ಲೆಕ್ಕ ಕೂಡುವವರೆಗೆ ಸೀಟು ಏರಿಸಿದೆ. ಎಡಗಡೆ ಯಾಕೋ ಸರಿಯಾಗಿ ಎಟುಕುತ್ತಿಲ್ಲ ಎಂದಳು. ಇಷ್ಟು ದಿನ ತಪ್ಪಾಗಿ ಕೂತು ಅಭ್ಯಾಸ, ಅದಕ್ಕೇ ಹಾಗನ್ನಿಸುತ್ತದೆ ಎಂದೆ. ಅಕ್ಕ ಈಗ ಕಲಿತು ಬಂದವಳು. ಅವಳು ಹಾಗೇ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋದಳು.

ಅವಳ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಗಿಡ್ಡ. ನಡೆಯುವಾಗ ಕಾಣುವಷ್ಟಲ್ಲ. ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳ ಮೈಗೆ ಮಾತ್ರ. ಸೀಟನ್ನು ತಗ್ಗಿಸಿಕೊಂಡು, ಒಂದು ಕಡೆಗೆ ತಿರುಗಿಸಿಕೊಂಡು, ಆ ಮೈ ತನಗೆ ತಾನೇ ದಾರಿ ಮಾಡಿಕೊಂಡಿತ್ತು. ನಾನು ಆ ದಾರಿಯನ್ನು ಸ್ಪ್ಯಾನರ್ ಹಿಡಿದು ಮುಚ್ಚಿದೆ. ಪ್ರತಿ ತುಳಿತಕ್ಕೂ ಎಡಗಾಲು ಎಟುಕದ ಪೆಡಲಿಗೆ ಚಾಚಿ ಚಾಚಿ, ಮಂಡಿಯ ಹಿಂದಿನ ನರದಂಥ ಗಟ್ಟಿ ಎಳೆ ಊದಿಕೊಂಡಿತು. ನೋವನ್ನು ಅವಳು ನನಗೆ ಹೇಳಲಿಲ್ಲ. ಅಕ್ಕನಿಗೆ ಬೇಜಾರಾಗುತ್ತದೆ ಎಂದು ಮಾತ್ರೆ ನುಂಗಿಕೊಂಡು ತುಳಿದಿದ್ದಾಳೆ. ಕೊನೆಗೆ ಒಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ, ಯಾರದೋ ಹಲ್ಲಿನ ಡಬ್ಬಿ ಹಿಡಿದು, ಹತ್ತಲೂ ಆಗದೆ ಇಳಿಯಲೂ ಆಗದೆ ಕೂತುಬಿಟ್ಟಳು.

ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಸೈಕಲ್ ಫಿಟ್ ಮಾಡಿದವರು ಎಡಗಾಲನ್ನು ನೋಡಲೇ ಇಲ್ಲವೇ, ಯಾರು ಅವರು ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು.

“ಯಾರೋ ಅಂಗಡಿಯವ್ರು ಡಾಕ್ಟ್ರೇ. ಹೆಸ್ರು ನೆನಪಿಲ್ಲ.”

ಅಂದಿನಿಂದ ಅವಳು ಲ್ಯಾಬಿನ ಒಳಗೆ ಸ್ಟೂಲಿನ ಮೇಲೆ ಕೂತು ಅಚ್ಚುಗಳಿಗೆ ಸುಣ್ಣದಂಥ ಹಿಟ್ಟು ಕಲಸಿ ಸುರಿಯುತ್ತಿದ್ದಾಳೆ. ಮತ್ತೆ ಸೈಕಲ್ ಏರಬಹುದೋ ಇಲ್ಲವೋ, ಡಾಕ್ಟರು ಗ್ಯಾರಂಟಿ ಕೊಟ್ಟಿಲ್ಲ.

ಇದನ್ನೆಲ್ಲ ಹೇಳಿಕೊಳ್ಳಲು ನಿಮ್ಮ ಬಳಿ ಬಂದಾಗ, ಅಧ್ಯಕ್ಷರೇ, ನೀವು ಕನ್ನಡಕ ತೆಗೆದು ಒರೆಸಿಕೊಂಡು ಹೀಗೆ ಹೇಳಿದಿರಿ:

“ನೋಡಮ್ಮ, ನಮ್ಮ ಮುದ್ರೆ ಇರೋದು ಜಾಗಕ್ಕೆ. ಕಟ್ಟಡ ಭದ್ರವಾಗಿದೆಯಾ, ಗಾಳಿ ಬೆಳಕು ಇದೆಯಾ, ಹಾಜರಿ ಹಾಕ್ತಾರಾ, ಅಷ್ಟೇ. ಪಾಠ ಸರಿ ಇದೆ ಅಂತ ನಾವು ಯಾವತ್ತು ಹೇಳಿದೀವಿ?”

ಯಾವತ್ತು ಹೇಳಿದಿರಿ? ನನ್ನ ಪ್ರಮಾಣಪತ್ರದ ಮೇಲೆ, ನನ್ನ ಹೆಸರಿನ ಕೆಳಗೆ, ‘ಮಾನ್ಯತೆ ಪಡೆದ ಫಿಟ್ಟರ್’ ಎಂದು ಅಚ್ಚು ಹಾಕಿ ಮುದ್ರೆ ಒತ್ತಿದ ದಿನ ಹೇಳಿದಿರಿ. ಮಾನ್ಯತೆ ಪಡೆದದ್ದು ಕಿಟಕಿಯಾದರೆ ಪ್ರಮಾಣಪತ್ರವನ್ನು ಕಿಟಕಿಯ ಹೆಸರಿಗೇ ಬರೆಯಬೇಕಿತ್ತು. ನಾನು ಆ ಸಂಸ್ಥೆಗೆ ಹೋದದ್ದು ಬಾಡಿಗೆಗೆ ಮನೆ ಹುಡುಕಿಕೊಂಡೇ, ಗಾಳಿ ಬೆಳಕು ನೋಡಲು? ಔಷಧದ ಬಾಟಲಿಗೆ ಬಿರಡೆ ಭದ್ರವಾಗಿದೆ, ಒಳಗಿರುವುದು ನಮಗೆ ಸಂಬಂಧಿಸಿದ್ದಲ್ಲ ಎಂದು ಚೀಟಿ ಅಂಟಿಸಿ ಮಾರಿದರೆ ನೀವು ನಿಮ್ಮ ಮನೆಯವರಿಗೆ ಕುಡಿಸುತ್ತೀರಾ? ಸಂಸ್ಥೆಯವರ ಮೇಲೆ ನನಗಿರುವುದು ಸಿಟ್ಟು. ನಿಮ್ಮ ಮೇಲಿರುವುದು ಬೇರೆ. ಅವರು ವ್ಯಾಪಾರಕ್ಕೆ ಕೂತವರು. ಯಾರನ್ನು ನಂಬಲಿ ಎಂದು ಕೇಳಲು ನಾನು ಬಂದದ್ದು ನಿಮ್ಮ ಬಾಗಿಲಿಗೆ. ನಂಬಿಸಿ ಕೈಕೊಟ್ಟವರು ನೀವು, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಇನ್ನೂ ಒಂದಿದೆ. ತಂಗಿಯನ್ನು ಕರೆದುಕೊಂಡು ನಾನು ಆ ಕಾರ್ ಶೆಡ್ಡಿನ ವೈದ್ಯೆಯ ಬಳಿ ಹೋದೆ. ಗೇಟಿನಿಂದ ಜಗಲಿಯವರೆಗೆ ತಂಗಿ ಕುಂಟುತ್ತಾ ಬರುವುದನ್ನು ಆಕೆ ನೋಡುತ್ತಾ ನಿಂತಿದ್ದರು. ನೋವಿಗೆ ಕುಂಟುವುದು ಬೇರೆ, ಇವಳ ಸೊಂಟ ಮೊದಲಿನಿಂದಲೂ ಎಡಕ್ಕೆ ವಾಲಿರಬೇಕಲ್ಲ ಎಂದರು. ಕಲಿಸಿ, ಈಗಲಾದರೂ ನಿಮ್ಮ ಹತ್ತಿರ ಕಲಿಯುತ್ತೇನೆ ಎಂದೆ. ಶೆಡ್ಡಿನೊಳಗೆ ಈಗ ಕಾರು ನಿಂತಿತ್ತು, ತರಗತಿ ಮುಚ್ಚಿತ್ತು. ಆಕೆಯ ತರಗತಿಗೆ ನೀವು ಮುದ್ರೆ ಕೊಡದಿದ್ದದ್ದು ಶೆಡ್ಡಿನ ಚಾವಣಿ ತಗ್ಗೆಂದು. ಆಮೇಲೆ ಮುದ್ರೆಯಿಲ್ಲದೆ ಕಲಿಸುವವರ ಮೇಲೆ ಕ್ರಮ ಎಂದು ಪ್ರಕಟಣೆ ಹೊರಡಿಸಿದಿರಂತೆ. ಸಾರ್ವಜನಿಕರ ಹಿತಕ್ಕಾಗಿ!

“ಕಲಿಸೋಕೆ ನಂಗೆ ಆಸೆ ಇದೆ ಕಣಮ್ಮ. ಆದ್ರೆ ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಂತ ಅಲೆಯೋ ಶಕ್ತಿ ಇಲ್ಲ.”

ಆಕೆಯ ಕೈ ನಡುಗುತ್ತದೆ, ಸ್ಪ್ಯಾನರ್ ಹಿಡಿಯುವಂತಿಲ್ಲ. ಮಂಡಿಯ ಊತ ಇಳಿದ ಮೇಲೆ ತಂಗಿಯನ್ನು ರಸ್ತೆಯ ಮೇಲೆ ಓಡಿಸಿ, ಹಿಂದಿನಿಂದ ನೋಡಿ, ಸೀಟು ಕೂದಲೆಳೆಯಷ್ಟು ಸರಿಸಿ, ಮತ್ತೆ ಓಡಿಸಿ ನೋಡಬೇಕಂತೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಕಣ್ಣು ಪಳಗಿದವರು ಮಾಡಬೇಕಾದ ಕೆಲಸ. ಅಂಥ ಕಣ್ಣು ತಯಾರಾಗುತ್ತಿದ್ದ ಒಂದೇ ಜಾಗಕ್ಕೆ ನೀವು ಬಾಗಿಲು ಹಾಕಿಸಿದ್ದೀರಿ.

ಕಳೆದ ಭಾನುವಾರ ತಂಗಿ ಅಂಗಡಿಗೆ ಬಂದಳು. ತುಳಿಯದೆ ಸುಮ್ಮನೆ ಸೈಕಲ್ ಮೇಲೆ ಕೂತು ನೋಡಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಕೆಲಸದ ಮೇಜು ಹಿಡಿದುಕೊಂಡು ತನ್ನ ಸೈಕಲ್ ಏರಿ, ಪೆಡಲಿನ ಮೇಲೆ ಪಾದ ಇಟ್ಟಳು. ‘ನೋಡು ಅಕ್ಕ’ ಎಂದಳು. ನಾನು ಅವಳ ಎಡಗಡೆಗೆ ಹೋಗಿ ನೆಲದ ಮೇಲೆ ಕೂತೆ. ಅಲ್ಲಿ ಗೋಡೆ ಇರಲಿಲ್ಲ. ಕಾಲು ಪೂರ್ತಿ ಕಾಣುತ್ತಿತ್ತು, ಊದಿದ ಮಂಡಿ ಕಾಣುತ್ತಿತ್ತು. ಅದರಲ್ಲಿ ಏನು ನೋಡಬೇಕು ಎಂಬುದು ಮಾತ್ರ ನನಗೆ ಗೊತ್ತಾಗಲಿಲ್ಲ. ಅವಳು ಇಳಿಯದೆ, ಏನೂ ಕೇಳದೆ, ನನ್ನ ಮುಖವನ್ನೇ ನೋಡುತ್ತಾ ಕಾದಳು.

ಹಣ ವಾಪಸ್ ಕೇಳಲು ನಾನು ಬರೆದಿಲ್ಲ, ಕ್ಷಮೆಯೂ ನನಗೆ ಬೇಡ. ನನ್ನ ಜೊತೆ ಕಲಿತವರು ಇವತ್ತು ಬೇರೆ ಬೇರೆ ಊರುಗಳಲ್ಲಿ ಯಾರದೋ ಬಲಗಾಲು ನೋಡಿ ಸೀಟು ಏರಿಸುತ್ತಿದ್ದಾರೆ. ಅವರನ್ನು ಇನ್ನೊಂದು ಮಂಡಿ ಹಾಳಾಗುವ ಮೊದಲೇ ವಾಪಸ್ ಕರೆಸಿ. ನಿಮ್ಮ ಮುದ್ರೆ ಕಿಟಕಿ ಬಾಗಿಲಿಗೆ ಮಾತ್ರ ಎಂದು ಮುದ್ರೆಯ ಕೆಳಗೇ, ಅದರಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿಸಿ. ಆ ತಗ್ಗು ಚಾವಣಿಯ ಶೆಡ್ಡಿಗೆ ನೀವೇ ಹೋಗಿ, ಟೇಪನ್ನು ಮನೆಯಲ್ಲೇ ಬಿಟ್ಟು, ಒಂದು ಪಾಠ ಪೂರ್ತಿ ಕೂತು ಕೇಳಿ, ಆಕೆಗೆ ಕಲಿಸಲು ಬಿಡಿ. ಬೇಗ ಬಿಡಿ. ನನ್ನ ತಂಗಿ ಇನ್ನೂ ನನ್ನನ್ನೇ ನಂಬಿಕೊಂಡಿದ್ದಾಳೆ.

ಇಂತಿ,
ನಿಮ್ಮ ಮಂಡಳಿಯ ಪ್ರಕಾರ ಕಲಿಯಬೇಕಾದದ್ದನ್ನೆಲ್ಲ ಕಲಿತು ಮುಗಿಸಿರುವ
ಒಬ್ಬ ಸೈಕಲ್ ಅಂಗಡಿಯವಳು