ಒಳಗಡೆಯ ಚಿಲಕ

ಹರಿಯಬ್ಬೆ ಪಕ್ಕದ ನಮ್ಮ ಹಟ್ಟಿಯಿಂದ
ತಾ. 19-5-1974, ಭಾನುವಾರ

ಹೊಳಲ್ಕೆರೆಯಲ್ಲಿರುವ ಮುದ್ದಕ್ಕನಿಗೆ ತಮ್ಮ ಕ್ಯಾತಪ್ಪನ ನಮಸ್ಕಾರ.

ಇಲ್ಲ ಅಕ್ಕ, ನಾನು ಅಜ್ಜಿಯನ್ನು ಹೊರಗೆ ಹಾಕಿಲ್ಲ. ಚಿಲಕ ಹಾಕಿ ಕೂಡಿಹಾಕಿಯೂ ಇಲ್ಲ. ಆ ಚಿಲಕ ಇರುವುದು ಒಳಗಡೆ. ನಿನಗೆ ಹೇಳಿದವರು ಬೇಲಿ ಹತ್ತಿರ ನಿಂತು ನೋಡಿದ್ದಾರೆಯೇ ಹೊರತು ಬಾಗಿಲು ತೆಗೆದು ನೋಡಿಲ್ಲ. "ಅವ್ವ ಸತ್ತಾಗ ನಿನ್ನ ಎತ್ತಿ ಸಾಕಿದ ಕೈ ಕಣೋ ಅದು" ಅಂತ ಭಾವನ ಕೈಲಿ ಬರೆಸಿದ್ದೀಯಲ್ಲ, ಅದನ್ನು ಓದಿ ನನಗೆ ಎಂಥ ಸಿಟ್ಟು ಬಂತೆಂದರೆ, ಎರಡು ಇನ್‌ಲ್ಯಾಂಡ್ ಬರೆದು ಎರಡನ್ನೂ ಹರಿದೆ. ಅದಕ್ಕೇ ಉತ್ತರ ತಡವಾಯಿತು. ತಪ್ಪು ತಿಳಿಯಬೇಡ. ಇನ್‌ಲ್ಯಾಂಡಿನಲ್ಲಿ ಜಾಗ ಸಾಲುವುದಿಲ್ಲವೆಂದು ಈ ಸಲ ಹಳೇ ನೋಟ್‌ಬುಕ್ಕಿನ ಹಾಳೆ ಕಿತ್ತುಕೊಂಡು ಕೂತಿದ್ದೇನೆ.

ನಿಂಗಪ್ಪ ಭಾವ, ಮಕ್ಕಳು ಚೆನ್ನಾಗಿರಬೇಕು. ಅಪ್ಪ ಇನ್ನೂ ಬಂದಿಲ್ಲ. ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೋದವನು ಮಳೆ ಬಿದ್ದ ಮೇಲೇ ತಿರುಗುವುದು. ಮನೆಯಲ್ಲಿ ಅಜ್ಜಿ, ನಾನು ಇಬ್ಬರೇ.

ಬರುವ ಭಾನುವಾರ ಬಂದು ಅಜ್ಜಿಯನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೀಯ. ಹಾಗೆ ನೋಡಿದರೆ ಅದು ನನಗೇ ಲಾಭ. ನನಗೆ ಇಲ್ಲಿ ಕಾಲು ನಿಲ್ಲುವುದಿಲ್ಲ ಅಂತ ನಿನಗೆ ಗೊತ್ತು. ಹಿರಿಯೂರಿನಲ್ಲಿ ಪೂನಾ ಕಡೆ ಹೋಗುವ ಲಾರಿ ನೋಡಿದರೆ ಸಾಕು, ಹಿಂದೆ ಓಡಿ ಹತ್ತಿಬಿಡೋಣ ಅನಿಸುತ್ತದೆ. ಕ್ಲೀನರ್ ಆಗಿ ಬಾ ಅಂತ ಒಬ್ಬ ಡ್ರೈವರ್ ಎರಡು ಸಲ ಕರೆದೂ ಇದ್ದಾನೆ. ಆದರೂ ಬೇಡ ಅನ್ನುತ್ತಿದ್ದೇನೆ. ಯಾಕೆ ಅಂತ ಪೂರ್ತಿ ಕೇಳು. ಆಮೇಲೂ ಕರೆದುಕೊಂಡು ಹೋಗಬೇಕು ಅನಿಸಿದರೆ ಅಜ್ಜಿಯ ಗಂಟು ನಾನೇ ಹೊತ್ತು ಬಸ್ಸಿಗೆ ಹಾಕುತ್ತೇನೆ.

ಯುಗಾದಿಯಿಂದ ಅಜ್ಜಿಗೆ ಮಂಡಿ ಹಿಡಿದುಬಿಟ್ಟಿದೆ. ಮೊದಲು ನಸುಕಿನಲ್ಲಿ ಪಕ್ಕದ ಮನೆಯ ಕಾಟಮ್ಮನ ಜೊತೆ ಬೇಲಿಯಾಚೆ ಬಯಲಿಗೆ ಹೋಗಿ ಬರುತ್ತಿದ್ದಳು. ಈಗ ಅವಳ ಸಮಕ್ಕೆ ಈಕೆಗೆ ಹೆಜ್ಜೆ ಹಾಕಲಾಗುವುದಿಲ್ಲ. ಕೂತರೆ ಏಳಲಾಗುವುದಿಲ್ಲ. ಹಾಗಾಗಿ ನಾನೇ ಕೈಹಿಡಿದು ಜಾಲಿಮರದ ತನಕ ನಡೆಸಿಕೊಂಡು ಹೋಗಿ, ಮುಖ ಆ ಕಡೆ ತಿರುಗಿಸಿ ನಿಲ್ಲಬೇಕು. ಇಪ್ಪತ್ತು ವರ್ಷದ ಮೊಮ್ಮಗ ಬೆನ್ನು ಹಾಕಿ ನಿಂತಿದ್ದರೆ ಆ ಮುದುಕಿಗೆ ಆಗುವುದಾದರೂ ಹೇಗೆ?

"ಇನ್ನೂ ದೂರ ಹೋಗೋ" ಅನ್ನುತ್ತಾಳೆ. ದೂರ ಹೋದರೆ, "ಎಲ್ಲಿ ಸತ್ಯೋ, ಬೀಳ್ತೀನಿ ಬಾರೋ" ಅನ್ನುತ್ತಾಳೆ.

ಏಪ್ರಿಲ್ ಮುಗಿಯುವಾಗ ಅಜ್ಜಿಗೆ ತಲೆಸುತ್ತು ಶುರುವಾಯಿತು. ತುಟಿ ಒಡೆದು ರಕ್ತ ಬರುತ್ತಿತ್ತು. ಒಂದು ಮಧ್ಯಾಹ್ನ ನನ್ನನ್ನೇ ಅಪ್ಪ ಅಂದುಕೊಂಡು, "ಕಾಟಲಿಂಗ, ಮರಿಗಳಿಗೆ ನೀರು ತೋರ್ಸಿದೇನೋ?" ಅಂದಳು. ಹಟ್ಟಿಯಲ್ಲಿ ಒಂದು ಮರಿಯೂ ಇಲ್ಲ. ಹಟ್ಟಿಯ ಯಜಮಾನ ಗೊಲ್ಲಪ್ಪಜ್ಜ ಬಂದು ನೋಡಿ, "ವಯಸ್ಸಾತು ಕಣಲೇ, ಇನ್ನೇನೈತೆ. ನಿಮ್ಮಪ್ಪಂಗೆ ಹೇಳಿ ಕಳ್ಸು" ಅಂದ.

ಹಿರಿಯೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಅಜ್ಜಿಯ ಮುಂಗೈ ಚರ್ಮ ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತ್ತು.

"ನೀರು ಕುಡೀತಾರೇನಪ್ಪ?"

"ಕುಡೀತಾಳೆ ಸಾರ್. ಮೂರು ಹೊತ್ತೂ ಚೊಂಬು ತುಂಬಿಸಿ ಇಡ್ತೀನಿ, ಖಾಲಿ ಆಗಿರ್ತೈತೆ."

"ಖಾಲಿ ಆಗಿರೋದು ನೋಡಿದೀಯ. ಕುಡಿದಿದ್ದು ನೋಡಿದೀಯಾ?"

ನೋಡಿರಲಿಲ್ಲ ಅಕ್ಕ. ಒಂದು ದಿನವೂ ನೋಡಿರಲಿಲ್ಲ.

ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಮಾರನೆಯ ದಿನ ಊರಿಗೆ ಬಂದಾಗ ಜಗಲಿ ಮೇಲೆ ನನ್ನ ಕಣ್ಣು ಬಿತ್ತು. ಅಜ್ಜಿ ಒರಗಿಕೊಳ್ಳುವ ಕಂಬದ ಬುಡದಲ್ಲಿ ಹೀರೇಬಳ್ಳಿ ಇದೆಯಲ್ಲ. ಈ ಬಿಸಿಲಿಗೆ ಹಟ್ಟಿಯಲ್ಲಿ ಬೇವಿನ ಮರ ಬಿಟ್ಟರೆ ಒಂದೂ ಹಸಿರಿಲ್ಲ. ಅದೊಂದು ಬಳ್ಳಿ ಮಾತ್ರ ಹೂ ಬಿಟ್ಟುಕೊಂಡು ಸೂರಿಗೆ ಹತ್ತಿದೆ.

"ನೀರೆಲ್ಲ ಇದಕ್ಕೆ ಹುಯ್ತೀಯೇನಜ್ಜಿ?"

"ನಂಗೆ ಬಾಯಾರ್ಕೆ ಇಲ್ಲ ಕಣೋ."

"ಬಳ್ಳಿಗೆ ಐತಾ?"

"ಐತೆ. ಎಷ್ಟು ಕುಡುದ್ರೂ ಅದು ಎದ್ದು ಹೋಗಂಗಿಲ್ವಲ್ಲ" ಅಂದಳು.

ಆಗ ಗೊತ್ತಾಯಿತು. ಕುಡಿದರೆ ಹೋಗಬೇಕು, ಹೋಗಬೇಕಾದರೆ ನನ್ನನ್ನು ಕರೆಯಬೇಕು. ಅದಕ್ಕೆ ಕುಡಿಯುವುದನ್ನೇ ಬಿಟ್ಟಿದ್ದಳು. ಇದಕ್ಕೆ ಮಾತ್ರೆ ಕೊಟ್ಟರೆ ಏನು ಬಂತು? ನಿಮ್ಮ ವಠಾರದ ಹನ್ನೆರಡು ಮನೆಗೆ ಒಂದೇ ಕಕ್ಕಸು. ಬೆಳಿಗ್ಗೆ ಚೊಂಬು ಹಿಡಿದು ಸಾಲು ನಿಲ್ಲಬೇಕು. ಅಜ್ಜಿ ಅಲ್ಲಿಗೆ ಬಂದರೆ ಅಲ್ಲಿಯೂ ನೀರು ಕುಡಿಯುವುದನ್ನು ಬಿಡುತ್ತಾಳೆ. ನಿನ್ನ ಮನೆಯಲ್ಲಿ ಬಳ್ಳಿ ಬೇರೆ ಇಲ್ಲ, ನಿನಗೆ ಗೊತ್ತೂ ಆಗುವುದಿಲ್ಲ.

ಒಂದು ಮರೆ ಕಟ್ಟೋಣ ಅಂತ ಹೊರಟೆ. ಗೊಲ್ಲಪ್ಪಜ್ಜ ಅಡ್ಡ ಬಂದ. "ದೇವ್ರಿರೋ ಹಟ್ಟಿ. ಬೇಲಿ ಒಳಗೆ ಅಂಥಾದ್ದು ಕಟ್ಟಂಗಿಲ್ಲ. ಆಚೆ ಎಲ್ಲಾದ್ರೂ ಕಟ್ಕ ಹೋಗು." ಬೇಲಿಯಾಚೆ, ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆಗೆ, ಸಮ ಮಾಡಿದ ನೆಲ ಇತ್ತು. ಸೊಂಟದೆತ್ತರದ ಮೂರು ಕಲ್ಲುಗೋಡೆಯೂ ನಿಂತಿತ್ತು. ಅರ್ಧ ಕೆಲಸ ಮುಗಿದ ಹಾಗೇ ಅಂದುಕೊಂಡೆ. ಎರಡು ದಿನ ದುಡಿದು ಗೋಡೆ ಏರಿಸಿದೆ, ತೆಂಗಿನ ಗರಿ ಹೊದಿಸಿದೆ. ಮಂಡಿ ಮಡಿಸದೆ ಕೂರುವ ಹಾಗೆ ಎರಡು ಎತ್ತರದ ಕಲ್ಲು ಇಟ್ಟೆ, ಹಿಡಿದು ಏಳಲು ಒಂದು ಗೂಟ ನೆಟ್ಟೆ. ಮದುಮಗನ ಹಾಗೆ ಹೆಮ್ಮೆಯಿಂದ ಅಜ್ಜಿಯನ್ನು ಕರೆದುಕೊಂಡು ಹೋದೆ.

ಹತ್ತಿರ ಹೋಗುತ್ತಲೇ ಅಜ್ಜಿ ನಿಂತುಬಿಟ್ಟಳು. ನನ್ನ ಕೈಯಿಂದ ಕೈ ಬಿಡಿಸಿಕೊಂಡಳು.

"ಇಲ್ಲಿಗ್ಯಾಕೆ ಕರ್ಕಂಬಂದೆ?"

"ನಿಂಗೇ ಕಟ್ಟಿರೋದು ಅಜ್ಜಿ."

"ನಂದು ಮುಗ್ದು ಮೂವತ್ತು ವರ್ಸ ಆತಲ್ಲೋ. ಮತ್ತೆ ಹೊರಗೆ ಕೂರುಸ್ತೀಯಾ?"

ನಿನಗೆ ಆ ಜಾಗ ಗೊತ್ತು ಅಕ್ಕ, ನೀನೂ ತಿಂಗಳಿಗೆ ಮೂರು ದಿನ ಅಲ್ಲಿ ಕೂತವಳು. ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ಮುಟ್ಟಾದವರಿಗೆ ಹೊಸ ಗುಡಿಸಲು ಬೇರೆ ಕಡೆ ಆದಮೇಲೆ ಇದು ಪಾಳು ಬಿದ್ದಿತ್ತು. ನನ್ನ ಕಣ್ಣಿಗೆ ಮೂರು ಗೋಡೆ ಅಷ್ಟೇ ಕಂಡಿತು. ಅಜ್ಜಿ ಬಿಸಿಲಲ್ಲೇ ನಿಂತು ಹೇಳಿದಳು: "ನಿಮ್ಮಪ್ಪನ್ನ ಇಲ್ಲೇ ಹಡ್ದೆ. ಜಡಿಮಳೆ. ರಕ್ತದ ವಾಸ್ನೆಗೆ ನಾಯಿ ಬಂದು ಬಾಯಿ ತಕ್ಕಂಡು ನಿಂತ್ಕಂತಿದ್ವು. ಒಂದು ಕೈಯಾಗೆ ಕೂಸು, ಒಂದು ಕೈಯಾಗೆ ಕೋಲು. ಒಂದು ಬಾಗ್ಲಾದ್ರೂ ಇದ್ದಿದ್ರೆ ಕಣ್ಣು ಮುಚ್ತಿದ್ದೆ."

ಕಾಟಮ್ಮ ಬೇಲಿ ಹತ್ತಿರ ಸೌದೆ ಆಯುತ್ತಿದ್ದಳು. "ಹೊರಗೆ ಕೂರುಸ್ತೀಯಾ" ಅನ್ನುವುದೊಂದನ್ನು ಕೇಳಿಸಿಕೊಂಡಿದ್ದಾಳೆ. ಆಮೇಲೆ ನಾನು ಬಾಗಿಲು ಕೂರಿಸಿದ್ದನ್ನೂ ಅಲ್ಲಿಂದಲೇ ನೋಡಿ, ಮದುವೆಗೆ ಅಂತ ನಿಮ್ಮ ಊರಿಗೆ ಬಂದವಳು ಅದನ್ನೇ ನಿನಗೆ ಮುಟ್ಟಿಸಿದ್ದಾಳೆ. ಅವಳ ತಪ್ಪೂ ಇಲ್ಲ ಬಿಡು.

"ಕಿತ್ತುಹಾಕ್ತೀನಿ ಬಿಡಜ್ಜಿ" ಅಂದೆ. "ಕಿತ್ತು ಎಲ್ಲಿ ಕಟ್ತೀಯ? ನನ್ನ ತಲೆ ಮ್ಯಾಲೆ ಕಟ್ಟು" ಅಂದಳು. ಅವಳ ಮಾತಿನಲ್ಲಿ ನನಗೆ ಹಿಡಿದದ್ದು ಬಾಗಿಲು. ಮಾರನೆಯ ದಿನವೇ ಹಿರಿಯೂರಿಗೆ ಹೋದೆ. ಗಾಡಿ ರಿಪೇರಿ ಮಾಡುವ ಬಡಗಿ ಇಮಾಮ್ ಸಾಬರ ಹತ್ತಿರ ಹಳೇ ಮನೆಗಳ ಬಾಗಿಲು ಇರುತ್ತವೆ.

"ಯಾರಿಗಪ್ಪ ಬಾಗ್ಲು?"

"ನಮ್ಮಜ್ಜಿಗೆ ಸಾಬ್ರೇ."

"ಅಜ್ಜಿಗೆ ಬಾಗ್ಲಾ? ಮದುವಿ ಗಿದುವಿ ಮಾಡಿ ಕಳಿಸ್ತಿ ಏನು?" ಅಂತ ನಕ್ಕರು. ವಿಷಯ ಹೇಳಿದಾಗ ನಗು ನಿಲ್ಲಿಸಿದರು. ಹಲಗೆ ಆರಿಸಿದರು, ಚಿಲಕವನ್ನು ಕಿತ್ತು ಇನ್ನೂ ಕೆಳಕ್ಕೆ ಹೊಡೆದರು. "ಇದು ಒಳಗಡೆ ಇರ್ಬೇಕು. ಕುಂತಲ್ಲಿಂದ್ಲೇ ಕೈಗೆ ಸಿಗ್ಬೇಕು. ನಮ್ಮಮ್ಮಂಗೆ ನಾನು ಚಿಲ್ಕ ಮ್ಯಾಲೆ ಹೊಡೆದಿದ್ದೆ. ಎಟುಕ್ತಿರ್ಲಿಲ್ಲ. ಬಾಗ್ಲು ಒಂದು ಕೈಯಾಗೆ ಹಿಡ್ಕಂಡೇ ಕೂರ್ತಿದ್ಲು ಪಾಪ. ಸತ್ತ ಮ್ಯಾಲೆ ನಂಗೆ ಹೊಳೀತು" ಅಂದರು.

ಬಾಗಿಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದು ಆಚೆ ವಾರದ ಸೋಮವಾರ ಕೂರಿಸಿದೆ. ಇವತ್ತಿಗೆ ಹದಿಮೂರು ದಿನ. ಅಜ್ಜಿ ಒಳಗೆ ಕಾಲಿಟ್ಟಿಲ್ಲ. ಜಗಲಿ ಮೇಲೆ ಕೂತು ಅದನ್ನೇ ನೋಡುತ್ತಾಳೆ. ನಾನು ಎದುರು ಕೂತು ಕುಡಿಸಿದರೆ ಅರ್ಧ ಚೊಂಬು ಕುಡಿಯುತ್ತಾಳೆ, ಉಳಿದದ್ದು ಬಳ್ಳಿಗೆ. ಜಾಲಿಮರ ತಪ್ಪಿಲ್ಲ. ನೀನು ಬರುವಷ್ಟರಲ್ಲಿ ಅವಳು ಆ ಬಾಗಿಲು ದಾಟದಿದ್ದರೆ ನಾನು ಸೋತೆ. ಆಮೇಲೆ ನಿನ್ನ ಮಾತೇ ನಡೆಯಲಿ.

ಅಜ್ಜಿ ಮಕ್ಕಳಿಗೆ ಮುತ್ತು ಕಳಿಸಿದ್ದಾಳೆ. "ಮುದ್ದಿಗೆ ಒಳ್ಳೇದಾಗ್ಲಿ, ಅವಳ ಮಕ್ಕಳು ಬೇವಿನ ಮರದಂಗೆ ಬೆಳೀಲಿ ಅಂತ ಬರಿ" ಅಂದಳು. ಬರೆದಿದ್ದೇನೆ.

ಇಂತಿ ನಿನ್ನ ತಮ್ಮ,
ಕ್ಯಾತಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ. ಭಾವ, ಇಲ್ಲಿಂದ ಮುಂದಿನದನ್ನು ಒಂದಕ್ಷರವೂ ನುಂಗದೆ ಅಕ್ಕನಿಗೆ ಓದಿ ಹೇಳಿ.

ಅಜ್ಜಿ ನಾಚಿಕೆಗೆ ನೀರು ಕುಡಿಯುವುದನ್ನು ಬಿಟ್ಟಳು ಅನ್ನುವ ಹಾಗೆ ಬರೆದೆ. ಅದು ಅರ್ಧ. ಏಪ್ರಿಲ್‌ನಲ್ಲಿ ಆ ಲಾರಿ ಡ್ರೈವರ್ ಹರಿಯಬ್ಬೆ ಸ್ಟಾಪಿನಲ್ಲಿ ನನಗಾಗಿ ಕಾಯುತ್ತೇನೆ ಅಂದಿದ್ದ, ಪೂನಾಕ್ಕೆ ಹೋಗಿ ಬರಲು. ಕಾಟಮ್ಮನಿಗೆ ಅಜ್ಜಿಯನ್ನು ಒಪ್ಪಿಸಿ, ಬಟ್ಟೆ ಕಟ್ಟಿಕೊಂಡು ಹೊರಟೆ. ಅಜ್ಜಿ ಕರೆದಳು, ಕರೆದುಕೊಂಡು ಹೋಗಿ ಬಂದೆ. ಮತ್ತೆ ಕರೆದಳು. ಮೂರನೇ ಸಲ ಕರೆದಾಗ ರಸ್ತೆ ಕಡೆಯಿಂದ ಹಾರ್ನ್ ಕೇಳಿಸಿತು, ಆಮೇಲೆ ಲಾರಿ ಹೋದ ಸದ್ದು. ನಾನು ಗಂಟನ್ನು ನೆಲಕ್ಕೆ ಎಸೆದು, "ನಿನ್ನ ಉಚ್ಚೆ ಕಾಯಾಕೇನು ನಾನು ಎಸ್ಸೆಸ್ಸೆಲ್ಸಿ ಓದಿದ್ದು?" ಅಂದೆ. ಅವತ್ತು ಸಂಜೆಯಿಂದಲೇ ಬಳ್ಳಿಗೆ ನೀರು ಬೀಳತೊಡಗಿದ್ದು.

ಇವತ್ತು ಎದ್ದವಳೇ ಅಂಬಲಿ ಕುಡಿದಳು. ಮೇಲೆ ಒಂದು ಚೊಂಬು ಮಜ್ಜಿಗೆ ಕೇಳಿ ಇಸಿದುಕೊಂಡು, ನನ್ನ ಮುಖ ನೋಡುತ್ತಾ ಪೂರ್ತಿ ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು, "ಅದು ಒಳಗಿಂದ್ಲೇ ಹಾಕ್ಕಳಂಗೈತಾ?" ಅಂದಳು.

"ಐತಜ್ಜಿ."

"ಹೋಗಾಣ ನಡಿ."

ಬಾಗಿಲ ಹತ್ತಿರ ನಿಂತು ಹಲಗೆಯನ್ನು ಅಂಗೈಯಿಂದ ಸವರಿದಳು. ಒಳಗೆ ಹೋಗಿ ಕಲ್ಲಿನ ಮೇಲೆ ಕೂತು, ಗೂಟ ಹಿಡಿದು, ಇನ್ನೊಂದು ಕೈಯಲ್ಲಿ ಚಿಲಕವನ್ನು ಆ ಕಡೆ ಈ ಕಡೆ ಎಳೆದು ನೋಡಿದಳು. ಸಿಕ್ಕಿತು. ನಾನು ಹೊಸ್ತಿಲಲ್ಲೇ ನಿಂತಿದ್ದೆ. "ಅಜ್ಜಿ, ಅವತ್ತು ನಾನು ಅಂದಿದ್ದು..." ಅಂತ ಬಾಯಿ ತೆಗೆದೆ.

"ಎಸ್ಸೆಸ್ಸೆಲ್ಸಿ ಓದೀಯ, ಇಷ್ಟೂ ತಿಳಿಯಲ್ವೇನೋ?" ಅಂದಳು. "ಹೋಗು, ಬಾಗ್ಲು ಹಾಕು."

ನಾನು ಹೊರಗೆ ಬಂದು ಬಾಗಿಲು ಹಾಕಿದೆ.