ತಗಡಿನ ಆಚೆ ಬದಿಯ ಕೈ

ಮಾವ,

ಮೈಸೂರಿನಿಂದ ಇಲ್ಲಿಗೆ ಬಂದ ಮೊದಲ ವಾರ ನೆನಪಿದೆಯೇ ನಿಮಗೆ? ಅತ್ತೆ ಹೋದ ಮೇಲೆ ನಿಮ್ಮನ್ನು ಸಮುದ್ರದಾಚೆಗೆ, ಲಂಗಾಟಾದ ಈ ಮನೆಗೆ ಕರೆತಂದಿದ್ದೆವು. ನಾನು ಬ್ಯಾಂಕಿನಿಂದ ಬಂದು ಕಾಫಿ ಕೊಡುತ್ತಿದ್ದೆ. ಆಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಆ ಶನಿವಾರ ಗ್ಯಾರೇಜಿನಲ್ಲಿ ನಾನೇ ಜೋಡಿಸಿ ಹಾರಬೇಕೆಂದು ಕೊಂಡಿದ್ದ ಪುಟ್ಟ ವಿಮಾನದ ಕಿಟ್ ಬಿಚ್ಚಿ, ಬಾಲದ ತಗಡುಗಳನ್ನು ಹರಡಿಕೊಂಡು ಕೂತಿದ್ದೆ. ಸೊಸೆ ಮನೆಯಲ್ಲೇ ವಿಮಾನ ಕಟ್ಟುತ್ತಾಳೆ ಎಂದರೆ ಬೇರೆ ಯಾವ ಮಾವನಾದರೂ... ನೀವು ಕನ್ನಡಕ ಸರಿಮಾಡಿಕೊಂಡು, "ಇದಕ್ಕೆ ಇಬ್ಬರು ಬೇಕಲ್ವೇನಮ್ಮ?" ಎಂದಿರಿ.

ಬೇಕಿತ್ತು. ತಗಡುಗಳನ್ನು ಬೆಸೆಯುವ ಮೊಳೆಯನ್ನು, ಅದೇ ರಿವೆಟ್ಟನ್ನು, ನಾನು ಹೊರಗಿನಿಂದ ಗನ್ನಿನಲ್ಲಿ ಬಡಿಯುವಾಗ, ತಗಡಿನ ಆಚೆ ಬದಿಯಲ್ಲಿ ಉಕ್ಕಿನ ಗಟ್ಟಿಯೊಂದನ್ನು ಅದಕ್ಕೆ ಒತ್ತಿ ಹಿಡಿಯುವವರು ಬೇಕು. ಹಿಡಿತ ಚೂರು ವಾಲಿದರೂ ರಿವೆಟ್ ಓರೆ. ಗೇಟಿನ ಕಾವಲುಗಾರನಿಂದ ನೀವು ಕಲಿತದ್ದು ಒಂದೇ ಸ್ವಾಹಿಲಿ ಮಾತು. ಒಳಗೆ ಕೈ ತೂರಿಸಿ, ಗಟ್ಟಿ ಒತ್ತಿ ಹಿಡಿದು, "ಸವಾ" ಎನ್ನುತ್ತಿದ್ದಿರಿ. ಸರಿ, ಹೊಡಿ ಎಂದು ಅರ್ಥ. ಈ ಕೆಲಸದ ನಡುವೆಯೇ ಅಲ್ಲವೇ ನೀವು ಅತ್ತೆಯ ವಿಷಯ ಹೇಳತೊಡಗಿದ್ದು? ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ; ಅದಕ್ಕೇ ಸುಲಭವಾಯಿತೋ ಏನೋ.

ನೀವು ಆಸ್ಪತ್ರೆಯಿಂದ ಮರಳದೆ ಹೋದಾಗ ಬಾಲದ ಅಡ್ಡರೆಕ್ಕೆ ಅರ್ಧಕ್ಕೆ ನಿಂತಿತ್ತು. ನಾನು ಗ್ಯಾರೇಜಿನ ಬಾಗಿಲು ತೆಗೆಯಲೇ ಇಲ್ಲ. ಮಳೆಗಾಲ ಕಳೆದ ಮೇಲೊಂದು ದಿನ ನಿಮ್ಮ ಮಗ ಪ್ರಸನ್ನ ಊಟ ಮಾಡುತ್ತ, ಕಿಟ್ ಕೊಳ್ಳಲು ನೈವಾಶಾ ಊರಿನಿಂದ ಒಬ್ಬರು ಬರುತ್ತಾರೆ ಎಂದ. ಯಾಕೆ ಎಂದೆ. ತಲೆ ಎತ್ತದೆ ಹೇಳಿದ: "ನೀನು ಅದರಲ್ಲಿ ಹಾರೋದು ನೆನೆಸ್ಕೊಂಡ್ರೇ ನಂಗೆ ಭಯ, ಲತಾ. ಅಪ್ಪ ಅಷ್ಟು ಖುಷಿಯಾಗಿದ್ರು, ಹೇಳೋಕಾಗ್ಲಿಲ್ಲ."

ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮಗ ನಮ್ಮ ಜೊತೆ ನಗುತ್ತಿದ್ದನಲ್ಲ, ನಿಮಗೇನಾದರೂ ಸುಳಿವು ಸಿಕ್ಕಿತ್ತೇ? ನಾನು ವಾದ ಮಾಡಲಿಲ್ಲ. ಮಾರುವುದಾದರೂ ಮಾವ ಹಿಡಿದ ಭಾಗವನ್ನು ಅರ್ಧಕ್ಕೆ ಬಿಟ್ಟು ಕೊಡಲಾರೆ, ಮುಗಿಸಲು ಜೊತೆಗೆ ಬಾ ಎಂದೆ.

ಆ ಭಾನುವಾರ ಅವನು ಹಿಡಿದ ಮೊದಲ ರಿವೆಟ್‌ಗಳೆಲ್ಲ ಓರೆಯಾದವು. ಕೊರೆದು ತೆಗೆದೆ. ಮತ್ತೆ ಕೈ ಒಳಗೆ ಹಾಕಿದವನು ಪಕ್ಕದ ಸಾಲನ್ನು ತಡವಿದ. "ಈ ಸಾಲೆಲ್ಲ ಅಪ್ಪ ಹಿಡಿದಿದ್ದಾ?" ಎಂದ. ಹೌದು ಎಂದೆ. ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋದ, ತುಂಬ ಹೊತ್ತು. ಆಮೇಲೆ ಅಳುವ ಸದ್ದು ಕೇಳಿತು. ನೀವು ಹೋದ ದಿನವೂ ಅವನು ಅತ್ತಿರಲಿಲ್ಲ, ಮಾವ. ನಾನು ಗನ್ ಕೆಳಗಿಟ್ಟು ಈಚೆ ಬದಿಯಲ್ಲೇ ನಿಂತಿದ್ದೆ.

ಅಡ್ಡರೆಕ್ಕೆ ಮುಗಿಯಿತು. ನೈವಾಶಾದವರಿಗೆ ಬರಬೇಡಿ ಎಂದು ಪ್ರಸನ್ನನೇ ಫೋನ್ ಮಾಡಿದ. ಭಯ ಹೋಯಿತೇ ಎಂದು ಕೇಳಿದರೆ, "ಎಲ್ಲಿ ಹೋಗತ್ತೆ? ದೂರ ಕೂತು ಹೆದರೋ ಬದ್ಲು ಹತ್ರ ನಿಂತೇ ಹೆದರ್ತೀನಿ ಬಿಡು" ಅಂದ. ವಿಮಾನದ ದೊಡ್ಡ ರೆಕ್ಕೆಗಳ ಪೆಟ್ಟಿಗೆ ಮೊಂಬಾಸಾ ಬಂದರಿಗೆ ಬಂದಿದೆ, ಮುಂದಿನ ವಾರ ಲಾರಿಯಲ್ಲಿ ಇಲ್ಲಿಗೆ. ಗ್ಯಾರೇಜಿನಲ್ಲಿ ಜಾಗ ಸಾಲುವುದಿಲ್ಲವೆಂದು ನಿಮ್ಮ ಮಗ ಊಟದ ಮನೆಯನ್ನೇ ಖಾಲಿ ಮಾಡಿಬಿಟ್ಟಿದ್ದಾನೆ. ಮೇಜು ಈಗ ಅಂಗಳದಲ್ಲಿದೆ. ಇವತ್ತು ಇಬ್ಬರೂ ಅಲ್ಲೇ, ಜಕರಾಂಡಾ ಮರದ ಕೆಳಗೆ, ಸಾರು ಅನ್ನ ಉಂಡೆವು.

ನಿಮ್ಮ
ಲತಾ