ನೀವು ಕೊಟ್ಟ ಸ್ಟಾರುಗಳು

ರೀ,

ಎದ್ದ ಕೂಡಲೇ ಕಂಪ್ಯೂಟರ್ ಆರಿಸಬೇಡಿ. ಅದು ಮಲಗಿದರೆ, ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಕೂತ ನನ್ನ ಫೋನಿಗೆ ಅದರೊಳಗಿನ ಹಾಡು ಒಂದೂ ಸಿಗುವುದಿಲ್ಲ.

ನಿನ್ನೆ ನೀವು ಐದು ಸ್ಟಾರ್ ಕೊಟ್ಟ ಹಾಡುಗಳನ್ನೆಲ್ಲ ಪ್ಲೇಲಿಸ್ಟ್ ಮಾಡಿ, ಕಾಯುತ್ತಾ ಕೂತ ರೋಗಿಗಳಿಗೆ ಕೇಳಿಸಿದೆ. ಡಾಕ್ಟರು ಹೊರಗೆ ಬಂದು, "ಏನಮ್ಮಾ, ಇದನ್ನ ಕೇಳೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದೇ ವಾಸಿ ಅಂತ ಜನ ಒಳಗೆ ನುಗ್ತಿದಾರೆ" ಅಂದರು. ಮನೆಗೆ ಬಂದು ಕೇಳಿದರೆ ನೀವು ತಣ್ಣಗೆ, "ಸ್ಟಾರ್ ಅಂದ್ರೆ ತಪ್ಪಿನ ಗುರುತಲ್ವೇನೇ? ಒಂದು ತಪ್ಪಿಗೆ ಒಂದು" ಅಂದಿರಿ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರನ್ನು ಹಾಡಿಗೆ ಅಂಕ ಹಾಕಲು ಕೂರಿಸಿದೆನಲ್ಲ, ನನಗೇ ಬುದ್ಧಿಯಿಲ್ಲ. ಸ್ಟಾರೇ ಇಲ್ಲದ ಮುನ್ನೂರು ಒಳ್ಳೆಯ ಹಾಡುಗಳನ್ನು ಇವತ್ತು ಅಳಿಸುವವಳಿದ್ದೆ.

ನಿಮಗೆ ಹೇಗೂ ಇವತ್ತು ರಜೆ. ಕೂತು ಎಲ್ಲವನ್ನೂ ತಿರುವುಮುರುವು ಮಾಡಿ. ಚೆನ್ನಾಗಿದ್ದರೆ ಐದು, ಕಿವಿಗೆ ಕಾದ ಸೀಸವಾದರೆ ಒಂದು.

ಇನ್ನು ನನ್ನ ಹಾಡು. ಹೋದ ತಿಂಗಳು ನಾನೇ ಹಾಡಿ ಸೇರಿಸಿದ್ದಕ್ಕೆ ನೀವು ಐದು ಸ್ಟಾರ್ ಕೊಟ್ಟದ್ದು ಕಂಡು, ಅಕ್ಕನಿಗೆ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ. ಅದರ ಅರ್ಥ ಗೊತ್ತಾದ ಮೇಲೆ, ಅಳಿಸಿಬಿಡೋಣವೆಂದು ಬೆಳಿಗ್ಗೆ ಎದ್ದು ಕೂತೆ. ಪಕ್ಕದಲ್ಲಿ, ಎಷ್ಟು ಸಲ ಕೇಳಿದ್ದಾಗಿದೆ ಎಂದು ತೋರಿಸುವ ಕಡೆ, ನಲವತ್ತೊಂದು ಎಂದಿತ್ತು. ನಾನು ಕೇಳಿದ್ದು ಒಂದೇ ಸಲ. ಐದು ತಪ್ಪು ಹುಡುಕಲು ನಿಮ್ಮಂಥವರಿಗೆ ಎರಡು ಸಲ ಸಾಕಿತ್ತು.

ಅದೊಂದರ ಸ್ಟಾರುಗಳನ್ನು ಮುಟ್ಟಬೇಡಿ. ತಪ್ಪುಗಳೇ ಇರಲಿ, ಪರವಾಗಿಲ್ಲ.